ಜಗಲಿಯ ಮಾತು: ಮರಳಿ ಬರುವ ಮುಚ್ಚಳಿಕೆ

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ, ದೀಪ ಹಚ್ಚುವ ಹೊತ್ತಿಗೆ, ಕೃಷ್ಣಮೂರ್ತಿಪುರದ ನಮ್ಮ ಮನೆಯ ಜಗಲಿಗೆ ನೆರೆಯ ಸ್ನೇಹಿತರು ತಮ್ಮ ಪತ್ನಿಯನ್ನೂ ಮಗಳನ್ನೂ ಕರೆದುಕೊಂಡು ಬಂದರು. ಈ ಹುಡುಗಿ ಹದಿನೈದು ವರ್ಷಗಳ ಕೆಳಗೆ ನನ್ನಲ್ಲಿ ಸಂಸ್ಕೃತ ಕಲಿತವಳು. ಅಮರಕೋಶದ ಮೊದಲನೆಯ ಕಾಂಡವನ್ನು ತಡವರಿಸದೆ ಒಪ್ಪಿಸುತ್ತಿದ್ದವಳು. ಆಮೇಲೆ ಮೈಸೂರಿನಲ್ಲಿಯೇ ವೈದ್ಯ ಪದವಿಯನ್ನು ಪಡೆದು, ಹೊರದೇಶದವರಿಗೆ ವಿಧಿಸಿರುವ ಪರೀಕ್ಷೆಗಳನ್ನು ಮುಗಿಸಿ, ಅಮೆರಿಕಾದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯದ ರೆಸಿಡೆನ್ಸಿಗೆ ಸೇರಿದಳು. ಈಗ ಅದರ ಮೂರನೆಯ ವರ್ಷ. ಎರಡು ವಾರದ ರಜದ ಮೇಲೆ ಊರಿಗೆ ಬಂದಿದ್ದಳು. ಕೈಯಲ್ಲಿ ಒಂದು ಕಾಗದದ ಕಟ್ಟಿತ್ತು.

"ಮೇಷ್ಟ್ರೇ, ನೀವೇ ಇವಳಿಗೆ ಒಂದು ಮಾತು ಹೇಳಬೇಕು" ಎಂದು ತಂದೆ ಆರಂಭಿಸಿದರು. "ಮಕ್ಕಳ ಹೃದ್ರೋಗ ಶಾಖೆಯಲ್ಲಿ ಇವಳಿಗೆ ಫೆಲೋಷಿಪ್ಪು ಸಿಕ್ಕಿದೆ. ಮೂರು ವರ್ಷದ ಶಿಕ್ಷಣ. ಎಷ್ಟೋ ಜನ ಆಸೆಪಟ್ಟು ಕಾದಿರುವ ಸ್ಥಾನ. ಇನ್ನು ಒಂದು ಕಾಗದಕ್ಕೆ ಸಹಿ ಮಾಡುವುದು ಮಾತ್ರ ಬಾಕಿ. ಅದಕ್ಕೆ ನಾಲ್ಕು ದಿನದಿಂದ ಹಿಂದುಮುಂದು ನೋಡುತ್ತಿದ್ದಾಳೆ."

ಹುಡುಗಿ ತಲೆ ತಗ್ಗಿಸಿಕೊಂಡು, "ಸಹಿ ಮಾಡುವುದೇನೂ ಕಷ್ಟವಲ್ಲ ಮೇಷ್ಟ್ರೇ. ಅದರಲ್ಲಿ ಬರೆದಿರುವುದು ನಿಜವೋ ಸುಳ್ಳೋ, ಅದು ನನಗೇ ತಿಳಿಯದು" ಎಂದಳು.

ನಮ್ಮ ವಾಚಕರಲ್ಲಿ ಅನೇಕರ ಮನೆಗಳಿಂದ ಮಕ್ಕಳು ಈ ವಿದ್ಯೆಗಾಗಿ ಗಡಿ ದಾಟಿ ಹೋಗಿರುವರು. ಇನ್ನು ಕೆಲವರ ಮಕ್ಕಳು ಹೋಗುವ ಸನ್ನಾಹದಲ್ಲಿರುವರು. ಹಣ ಹೊಂದಿಸುವ ತಂದೆತಾಯಿಗಳಿಗೆ ಆ ಅರ್ಜಿಯಲ್ಲಿ ಏನಿದೆ ಎಂಬುದು ಮಾತ್ರ ಬಹುಮಟ್ಟಿಗೆ ತಿಳಿಯದು. ನನಗೂ ತಿಳಿದಿರಲಿಲ್ಲ. ಆ ಸಂಜೆ ಹುಡುಗಿ ಬಿಡಿಸಿ ಹೇಳಿದುದನ್ನು, ನಾನು ಆಮೇಲೆ ಓದಿ ತಿಳಿದುದರೊಡನೆ ಸೇರಿಸಿ ಮೊದಲು ಹೇಳಿಬಿಡುತ್ತೇನೆ. ಅದನ್ನು ತಿಳಿಯದೆ ಅವಳ ಸಂಕಟ ಅರ್ಥವಾಗುವಂತಿಲ್ಲ.

ನಮ್ಮ ದೇಶದಲ್ಲಿ ಎಂ.ಡಿ. ಅಥವಾ ಎಂ.ಎಸ್. ಮುಗಿಸಿದವರು ಅದಕ್ಕೂ ಮೇಲಿನ ಡಿ.ಎಂ., ಎಂ.ಸಿಎಚ್. ವ್ಯಾಸಂಗಕ್ಕೆ ಹೋಗಬೇಕಾದರೆ ನೀಟ್-ಎಸ್.ಎಸ್. ಎಂಬ ಪರೀಕ್ಷೆಯನ್ನು ಕೊಡುತ್ತಾರೆ. ಅದರಲ್ಲಿ ಬಂದ ಸ್ಥಾನವೇ ಉಳಿದುದೆಲ್ಲವನ್ನೂ ನಿರ್ಣಯಿಸುವುದು. ಅಮೆರಿಕಾದಲ್ಲಿ ಕ್ರಮ ಬೇರೆ. ಸಾಧಾರಣವಾಗಿ ಅಲ್ಲಿಯ ರೆಸಿಡೆನ್ಸಿಯನ್ನು ಪೂರೈಸುವವರಿಗೇ ಫೆಲೋಷಿಪ್ಪಿನ ಬಾಗಿಲು ತೆರೆಯುವುದು. ನಮ್ಮಲ್ಲಿ ಎಂ.ಡಿ. ಆಗಿ ಹೋದವರೂ ಬಹುಪಾಲು ಮತ್ತೆ ರೆಸಿಡೆನ್ಸಿಯಿಂದಲೇ ಮೊದಲುಮಾಡಬೇಕು. ಅಸಾಧಾರಣ ಯೋಗ್ಯತೆಯುಳ್ಳವರಿಗೆ ಮಾತ್ರ ಕೆಲವು ಕಡೆ ವಿನಾಯಿತಿಯುಂಟು. ಇದನ್ನರಿಯದೆ "ಇನ್ನು ಎರಡು ವರ್ಷದಲ್ಲಿ ಎಲ್ಲವೂ ಮುಗಿಯುವುದು" ಎಂದು ಎಣಿಸಿದ್ದು ಆಮೇಲೆ ಬೆರಗಾದ ತಂದೆಗಳನ್ನು ನಾನು ಬಲ್ಲೆ.

ಇನ್ನು ಅರ್ಜಿ. ಅದರಲ್ಲಿ ಪರೀಕ್ಷೆಗಳ ಫಲವಿರುವುದು. ಆದರೆ ಮೊದಲನೆಯ ಹಂತದ ಪರೀಕ್ಷೆಗೆ 2022ರ ಜನವರಿಯಿಂದ ಅಂಕಗಳನ್ನು ಪ್ರಕಟಿಸುವುದಿಲ್ಲ, ತೇರ್ಗಡೆಯೋ ಅಲ್ಲವೋ ಎಂಬಷ್ಟನ್ನೇ ತಿಳಿಸುವರು. ಗುರುಗಳು ಬರೆದ ಶಿಫಾರಸು ಪತ್ರಗಳಿರುವುವು. ಆ ಪತ್ರಗಳನ್ನು ತಾನು ನೋಡುವ ಹಕ್ಕನ್ನು ಶಿಷ್ಯನು ಬಿಟ್ಟುಕೊಡುವುದು ವಾಡಿಕೆ. ಇದು ನನಗೆ ಬಹಳ ಹಿಡಿಸಿತು. ಶಿಷ್ಯನ ಎದುರಿಗೇ ಬರೆದ ಹೊಗಳಿಕೆಗೆ ಬೆಲೆಯೆಷ್ಟೆಂಬುದನ್ನು ಮೂವತ್ತೈದು ವರ್ಷ ಉಪಾಧ್ಯಾಯನಾಗಿದ್ದ ನಾನು ಬಲ್ಲೆನು. ಕೊನೆಗೆ, ಈ ಶಾಖೆಯನ್ನೇ ಏಕೆ ಆರಿಸಿಕೊಂಡೆ ಎಂದು ಅಭ್ಯರ್ಥಿಯು ತನ್ನ ಮಾತಿನಲ್ಲಿ ಬರೆಯುವ ಒಂದು ಪುಟ.

ಇವೆಲ್ಲವನ್ನೂ ನೋಡಿ ಆಸ್ಪತ್ರೆಗಳು ಸಂದರ್ಶನಕ್ಕೆ ಕರೆಯುವುವು. ಆಮೇಲೆ ನಡೆಯುವುದು ಒಂದು ಬಗೆಯ ಸ್ವಯಂವರ. ಅಭ್ಯರ್ಥಿಯು ತನಗೆ ಬೇಕಾದ ಆಸ್ಪತ್ರೆಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆಯುವನು; ಆಸ್ಪತ್ರೆಯೂ ತನಗೆ ಬೇಕಾದ ಅಭ್ಯರ್ಥಿಗಳನ್ನು ಹಾಗೆಯೇ ಬರೆಯುವುದು. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಕಾಣರು. ಗಣಕಯಂತ್ರವು ಎರಡನ್ನೂ ಕೂಡಿಸಿ ಜೋಡಿಗಳನ್ನು ಗೊತ್ತುಮಾಡುವುದು. ಮಕ್ಕಳ ವೈದ್ಯದ ಶಾಖೆಗಳಲ್ಲಿ ಈ ಫಲ ಡಿಸೆಂಬರಿನಲ್ಲಿ ಹೊರಬಿದ್ದು, ಶಿಕ್ಷಣವು ಮುಂದಿನ ಜುಲೈಯಲ್ಲಿ ಆರಂಭವಾಗುವುದು. ಒಮ್ಮೆ ಗೊತ್ತಾದ ಜೋಡಿಯನ್ನು ಇಬ್ಬರೂ ಮುರಿಯುವಂತಿಲ್ಲ. 1952ರಲ್ಲಿ ಹೊಸ ವೈದ್ಯರನ್ನು ಆಸ್ಪತ್ರೆಗಳಿಗೆ ಹಂಚುವುದಕ್ಕಾಗಿ ಮೊದಲಾದ ಈ ಪದ್ಧತಿಯು ಆಮೇಲೆ ಫೆಲೋಷಿಪ್ಪುಗಳಿಗೂ ಹಬ್ಬಿತು. 1962ರಲ್ಲಿ ಗೇಲ್ ಮತ್ತು ಶಾಪ್ಲೀ ಎಂಬ ಇಬ್ಬರು ಗಣಿತಜ್ಞರು ಇಂಥದೇ ಲೆಕ್ಕವನ್ನು ಶಾಸ್ತ್ರೀಯವಾಗಿ ಬಿಡಿಸಿದರು. ಅವರು ಉದಾಹರಣೆಗೆ ತೆಗೆದುಕೊಂಡದ್ದೂ ವಧೂವರರ ಮದುವೆಯನ್ನೇ. ಈ ವಿಷಯದಲ್ಲಿ ಕೆಲಸಮಾಡಿದುದಕ್ಕಾಗಿ ಶಾಪ್ಲೀ ಅವರಿಗೂ ಆಲ್ವಿನ್ ರಾತ್ ಎಂಬವರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಿಕ ಬಂದಿತು.

ಈ ಲೆಕ್ಕದಲ್ಲಿ ಗೃಹಸ್ಥರು ಮೆಚ್ಚಬೇಕಾದ ಒಂದು ಗುಣವುಂಟು. ಯಾರು ನಮ್ಮನ್ನು ಒಪ್ಪಿಯಾರೆಂದು ಊಹಿಸಿ ಪಟ್ಟಿ ಬರೆದರೆ ಲಾಭವಿಲ್ಲ. ಮನಸ್ಸಿಗೆ ಯಾವುದು ನಿಜವಾಗಿ ಬೇಕೋ ಅದನ್ನೇ ಮೊದಲು ಬರೆದವನಿಗೆ ನಷ್ಟವಿಲ್ಲ. ನಿಜ ಹೇಳುವುದೇ ಹಿತವಾಗುವಂತೆ ಅದನ್ನು ಕಟ್ಟಿದ್ದಾರೆ. ಆದರೆ ಹುಡುಗಿಯ ಕೈಯಲ್ಲಿದ್ದ ಕೊನೆಯ ಕಾಗದಕ್ಕೆ ಅಂಥ ಯಾವ ಗಣಿತದ ಕಾವಲೂ ಇಲ್ಲ. ಅಲ್ಲಿ ನಿಜವು ಸಹಿ ಮಾಡುವವರ ಎದೆಯಿಂದಲೇ ಬರಬೇಕು.

ಆ ಕಾಗದ ಯಾವುದೆಂದರೆ, ಹೊರದೇಶದಿಂದ ಅಲ್ಲಿಗೆ ಶಿಕ್ಷಣಕ್ಕೆ ಹೋದ ವೈದ್ಯರಲ್ಲಿ ಅನೇಕರು ಜೆ-1 ಎಂಬ ವೀಸಾದ ಮೇಲೆ ಇರುವರು. ಕಲಿತು ಹಿಂತಿರುಗುವವರಿಗಾಗಿ ಮಾಡಿದ ವೀಸಾ ಇದು. ಆದುದರಿಂದ ಅಭ್ಯರ್ಥಿಯು ತನ್ನ ಸರ್ಕಾರದ ಆರೋಗ್ಯ ಇಲಾಖೆಯಿಂದ, ನಮಗಾದರೆ ನವದೆಹಲಿಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದಿಂದ, ಒಂದು ಅಗತ್ಯಪತ್ರವನ್ನು ತರಬೇಕು. ಅದರಲ್ಲಿ ಮುಖ್ಯವಾಗಿ ಎರಡು ಮಾತುಗಳಿರುವುವು. ಈ ಶಾಖೆಯಲ್ಲಿ ಪಳಗಿದ ವೈದ್ಯರು ನಮ್ಮ ದೇಶಕ್ಕೆ ಅಗತ್ಯವಾಗಿದ್ದಾರೆ ಎಂಬುದು ಒಂದು. ಈ ವೈದ್ಯರು ಶಿಕ್ಷಣ ಮುಗಿದ ಮೇಲೆ ಸ್ವದೇಶಕ್ಕೆ ಮರಳಿ, ಅದೇ ಶಾಖೆಯಲ್ಲಿ ವೃತ್ತಿಯನ್ನು ನಡೆಸುವುದಾಗಿ ನಮಗೆ ಬರವಣಿಗೆಯಲ್ಲಿ ಭರವಸೆಯನ್ನು ಕೊಟ್ಟಿದ್ದಾರೆ ಎಂಬುದು ಇನ್ನೊಂದು. ಹಳೆಯ ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಅಭ್ಯರ್ಥಿಯು ಬರೆದುಕೊಡುವುದು ಒಂದು ಮುಚ್ಚಳಿಕೆ. ರೆಸಿಡೆನ್ಸಿಗೆ ಸೇರುವಾಗ ಒಮ್ಮೆ ಬರೆದುಕೊಟ್ಟಿದ್ದರೂ, ಫೆಲೋಷಿಪ್ಪಿನ ಹೊಸ ಶಾಖೆಗಾಗಿ ಮತ್ತೊಮ್ಮೆ ಅಗತ್ಯಪತ್ರ ಬೇಕು.

ಶಿಕ್ಷಣ ಮುಗಿದ ಮೇಲೆ ಒಟ್ಟು ಎರಡು ವರ್ಷ ಸ್ವದೇಶದಲ್ಲಿ ಇದ್ದ ಹೊರತು ಅಲ್ಲಿ ಖಾಯಮ್ಮಾಗಿ ನೆಲಸುವ ಹಕ್ಕನ್ನು ಪಡೆಯುವಂತಿಲ್ಲವೆಂಬುದು ಆ ದೇಶದ ಕಾನೂನು. ಇದಕ್ಕೂ ವಿನಾಯಿತಿಯುಂಟು. ಅಲ್ಲಿ ವೈದ್ಯರ ಅಭಾವವಿರುವ ಪ್ರದೇಶಗಳಲ್ಲಿ ಮೂರು ವರ್ಷ ಕೆಲಸಮಾಡಲು ಒಪ್ಪಿದವರಿಗೆ, ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ಮೂವತ್ತು ಜನರಂತೆ, ಹಿಂತಿರುಗುವ ಕಟ್ಟನ್ನು ಸಡಿಲಿಸುವರು. ಆ ದಾರಿಯನ್ನು ಹಿಡಿದವರನ್ನು ನಾನು ದೂಷಿಸುವುದಿಲ್ಲ. ಅಲ್ಲಿಯ ಹಳ್ಳಿಯ ರೋಗಿಯೂ ರೋಗಿಯೇ. ದಾರಿಯನ್ನು ತೆರೆದಿರುವುದೂ ಕಾನೂನೇ. ಪ್ರಶ್ನೆಯಿರುವುದು ಮುಚ್ಚಳಿಕೆಗೆ ಸಹಿ ಮಾಡುವ ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿದೆ ಎಂಬುದರಲ್ಲಿ.

"ಮೂರು ವರ್ಷದ ಕೆಳಗೆ ಇಂಥದೇ ಕಾಗದಕ್ಕೆ ಓದದೆ ಸಹಿ ಮಾಡಿದೆ ಮೇಷ್ಟ್ರೇ" ಎಂದಳು ಹುಡುಗಿ. "ಈ ಸಲ ಓದಿದೆ. ಓದಿದ ಮೇಲೆ ಕೈ ಏಳಲೊಲ್ಲದು. ಮೂರು ವರ್ಷದಲ್ಲಿ ಅಲ್ಲಿ ಬೇರು ಇಳಿದಿದೆ. ಒಳ್ಳೆಯ ಗುರುಗಳಿದ್ದಾರೆ, ಸ್ನೇಹಿತರಿದ್ದಾರೆ. ಬರುತ್ತೇನೆ ಎಂದು ಬರೆದುಕೊಟ್ಟು ಬಾರದೆ ಹೋದರೆ? ಬರಬೇಕೆಂದರೂ ಬಂದು ಎಲ್ಲಿ ಕೆಲಸಮಾಡಲಿ? ನಮ್ಮ ಕಡೆಯ ಒಂದು ಸಂಸ್ಥೆಗೆ ಎರಡು ಸಲ ಕಾಗದ ಬರೆದೆ. ಉತ್ತರವೇ ಇಲ್ಲ."

"ಇದೆಲ್ಲ ಬರಿಯ ಶಾಸ್ತ್ರಕ್ಕೆ ಮೇಷ್ಟ್ರೇ" ಎಂದರು ತಂದೆ. "ಎಲ್ಲರೂ ಸಹಿ ಮಾಡುತ್ತಾರೆ. ಯಾರು ಕೇಳುತ್ತಾರೆ?"

ತಾಯಿ ಅಷ್ಟು ಹೊತ್ತೂ ಸುಮ್ಮನಿದ್ದವರು, "ಬರಲಿ, ಬಾರದಿರಲಿ. ಸುಳ್ಳು ಬರೆದುಕೊಟ್ಟು ಹೋಗುವುದು ಬೇಡ" ಎಂದಷ್ಟೇ ಹೇಳಿದರು.

ನನಗೆ ಆಗ ಏಕೋ ನನ್ನ ತಮ್ಮನ ನೆನಪು ಬಂದಿತು. ಈ ಅಂಕಣದಲ್ಲಿ ಅವನ ಮಾತನ್ನು ನಾನು ಇದುವರೆಗೆ ಎತ್ತಿಲ್ಲ. 1975ರಲ್ಲಿ ನನಗೆ ಹತ್ತು ವರ್ಷ, ಅವನಿಗೆ ಮೂರು. ಅಳುವಾಗ ಅವನ ತುಟಿಯೂ ಉಗುರುಗಳೂ ನೀಲಿಗಟ್ಟುತ್ತಿದ್ದುವು. ಅಂಗಳದಲ್ಲಿ ಆಡುತ್ತ ಆಡುತ್ತ ಇದ್ದಕ್ಕಿದ್ದ ಹಾಗೆ ಕುಕ್ಕುರುಗಾಲಿನಲ್ಲಿ ಕುಳಿತುಬಿಡುತ್ತಿದ್ದನು. ಅದೂ ಒಂದು ಆಟವೆಂದು ತಿಳಿದು ನಾವೆಲ್ಲ ನಕ್ಕದ್ದುಂಟು. ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ದೋಷವಿರುವ ಮಗುವು ಏದುಸಿರು ಬಂದಾಗ ಹಾಗೆ ಕುಳಿತು ಸುಧಾರಿಸಿಕೊಳ್ಳುವುದೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ತಂದೆತಾಯಿಗಳು ಅವನನ್ನು ರೈಲಿನಲ್ಲಿ ಗಡಿಯಾಚೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯವರು ರೋಗದ ಹೆಸರನ್ನು ಹೇಳಿ, ಶಸ್ತ್ರಚಿಕಿತ್ಸೆಗೆ ದಿನವನ್ನು ಗೊತ್ತುಮಾಡಿ ಕಳುಹಿದರು. ಆ ದಿನ ಬರುವುದಕ್ಕೆ ಹನ್ನೊಂದು ದಿನ ಮುಂಚೆ, ಆಷಾಢದ ಒಂದು ಬೆಳಗಿನ ಜಾವ, ಮನೆಯಲ್ಲಿಯೇ ಅವನು ತೀರಿಕೊಂಡನು.

ಅಂಥ ನೀಲಿಯ ಮಕ್ಕಳಿಗೆ ಮೊಟ್ಟಮೊದಲು ದಾರಿ ತೋರಿದ ಶಸ್ತ್ರಚಿಕಿತ್ಸೆಯು ನಡೆದದ್ದು 1944ರ ನವೆಂಬರ್ 29ರಂದು, ಅಮೆರಿಕಾದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಅದನ್ನು ಆಲೋಚಿಸಿದವರು ಹೆಲೆನ್ ಟಾಸಿಗ್ ಎಂಬ ಮಕ್ಕಳ ವೈದ್ಯೆ. ಮಾಡಿದವರು ಆಲ್‌ಫ್ರೆಡ್ ಬ್ಲೇಲಾಕ್ ಎಂಬ ಶಸ್ತ್ರವೈದ್ಯರು. ಪ್ರಾಣಿಗಳ ಮೇಲೆ ಪ್ರಯೋಗಿಸಿ ಕ್ರಮವನ್ನು ಸಿದ್ಧಪಡಿಸಿದವರು ವಿವಿಯನ್ ಥಾಮಸ್ ಎಂಬ ನೀಗ್ರೋ ಜನಾಂಗದ ಪ್ರಯೋಗಶಾಲೆಯ ಸಹಾಯಕರು. ವೈದ್ಯರಾಗಬೇಕೆಂದಿದ್ದ ಅವರಿಗೆ ಬಡತನದಿಂದ ಕಾಲೇಜು ಕಾಣುವುದಾಗಿರಲಿಲ್ಲ. ನನ್ನ ತಮ್ಮನು ಹುಟ್ಟುವುದಕ್ಕೆ ಇಪ್ಪತ್ತೆಂಟು ವರ್ಷ ಮುಂಚೆಯೇ ಆ ವಿದ್ಯೆ ಲೋಕದಲ್ಲಿದ್ದಿತು. ನಮ್ಮ ದೇಶಕ್ಕೂ ಬಂದಿದ್ದಿತು. ನಮ್ಮ ಬೀದಿಗೆ ಬರುವುದಕ್ಕೆ ಮಾತ್ರ ಹೊತ್ತು ಸಾಲಲಿಲ್ಲ. ವಿದ್ಯೆಯು ತಾನಾಗಿ ಗಡಿ ದಾಟುವುದಿಲ್ಲ. ಯಾರೋ ಒಬ್ಬರು ಹೋಗಿ, ಕಲಿತು, ಹೊತ್ತು ತರಬೇಕು.

ಇದನ್ನು ಹುಡುಗಿಗೆ ಹೇಳಿ ಅವಳ ಮನಸ್ಸನ್ನು ಕಟ್ಟಿಹಾಕುವುದು ನನಗೆ ಸರಿತೋರಲಿಲ್ಲ. ಅದರ ಬದಲು ಅವಳು ಶಾಲೆಯಲ್ಲಿ ಓದಿದ್ದ ಕಚನ ಕಥೆಯನ್ನು ನೆನಪು ಮಾಡಿದೆನು.

ಮಹಾಭಾರತದ ಆದಿಪರ್ವದಲ್ಲಿ ಬರುವ ಈ ಕಥೆ ನಮ್ಮವರಿಗೆಲ್ಲ ಗೊತ್ತಿದ್ದುದೇ. ಸತ್ತವರನ್ನು ಬದುಕಿಸುವ ಸಂಜೀವಿನೀ ವಿದ್ಯೆ ಅಸುರರ ಗುರು ಶುಕ್ರಾಚಾರ್ಯರಲ್ಲಿತ್ತು, ದೇವತೆಗಳಲ್ಲಿ ಇರಲಿಲ್ಲ. ಅದನ್ನು ಕಲಿತು ಬರಲು ಬೃಹಸ್ಪತಿಯ ಮಗನಾದ ಕಚನನ್ನು ಕಳುಹಿದರು. ಗಡಿಯಾಚೆಗೆ ವೈದ್ಯ ಕಲಿಯಲು ಅರ್ಜಿ ಹಿಡಿದು ಹೋದವರಲ್ಲಿ ಅವನೇ ಮೊದಲಿಗನೆಂದರೆ ತಪ್ಪಾಗಲಾರದು. ಹೋದವನು ತಾನು ಯಾರ ಮಗನೆಂಬುದನ್ನು ಮರೆಮಾಚಲಿಲ್ಲ. ಸಾವಿರ ವರ್ಷದ ವ್ರತವನ್ನು ಒಪ್ಪಿ, ಗುರುವಿನ ದನ ಕಾಯ್ದನು. ಅಸುರರು ಅವನನ್ನು ಮೂರು ಸಲ ಕೊಂದರು. ಗುರುಪುತ್ರಿ ದೇವಯಾನಿಯ ಮೊರೆಯಿಂದ ಮೂರು ಸಲವೂ ಬದುಕಿದನು. ಮೂರನೆಯ ಸಲ ಗುರುವಿನ ಹೊಟ್ಟೆಯೊಳಗಿಂದಲೇ ವಿದ್ಯೆಯನ್ನು ಪಡೆದು, ಹೊಟ್ಟೆಯನ್ನು ಸೀಳಿಕೊಂಡು ಹೊರಗೆ ಬಂದನು. ಬಂದವನು ಓಡಿಹೋಗಲಿಲ್ಲ. ಕಲಿತ ವಿದ್ಯೆಯನ್ನು ಮೊದಲು ಪ್ರಯೋಗಿಸಿದ್ದು ಸತ್ತು ಬಿದ್ದಿದ್ದ ಗುರುವಿನ ಮೇಲೆ. ಅವಧಿ ತುಂಬಿದ ಮೇಲೆ ಅಪ್ಪಣೆ ಪಡೆದೇ ಹೊರಟನು.

ಹೊರಡುವಾಗ "ಇಲ್ಲಿಯೇ ನಿಲ್ಲು, ನನ್ನನ್ನು ವರಿಸು" ಎಂದು ತಡೆದವಳು ಶತ್ರುವಲ್ಲ, ಪ್ರಾಣ ಉಳಿಸಿದ ದೇವಯಾನಿ. ಹೊರದೇಶದಲ್ಲಿ ನಿಂತುಬಿಡುವವರೆಲ್ಲ ಹಣದಾಸೆಯಿಂದಲೇ ನಿಲ್ಲುವರೆಂದು ನಾವು ಹಗುರವಾಗಿ ಆಡಿಕೊಳ್ಳುವಾಗ ಇದನ್ನು ನೆನೆಯಬೇಕು. ಎಷ್ಟೋ ವೇಳೆ ಅವರನ್ನು ಹಿಡಿದು ನಿಲ್ಲಿಸುವುದು ಅಲ್ಲಿ ಸಿಕ್ಕಿದ ಪ್ರೀತಿ, ಅಲ್ಲಿ ತೀರಿಸಬೇಕಾದ ಋಣ. ಕಚನು ಒಪ್ಪದೆ ಹೋದಾಗ ಅವಳು, ನಿನಗೆ ಈ ವಿದ್ಯೆ ಫಲಿಸದಿರಲಿ ಎಂದು ಶಪಿಸಿದಳು. ಅದಕ್ಕೆ ಅವನು, ನನಗೆ ಫಲಿಸದಿದ್ದರೂ ನಾನು ಯಾರಿಗೆ ಕಲಿಸುವೆನೋ ಅವರಿಗೆ ಫಲಿಸುವುದು ಎಂದು ಹೇಳಿ ಹೊರಟನು.

ನಾನು ಇಷ್ಟು ಹೇಳಿ ಮುಗಿಸಿದೆನು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ಕಚನಿಗೆ ಊರಿನಲ್ಲಿ ಕಾಯುವವರಿದ್ದರು. ಬಂದ ಕೂಡಲೆ ದೇವತೆಗಳು ಅವನಿಂದ ವಿದ್ಯೆಯನ್ನು ಕಲಿತರು. ನನಗೆ ಯಾರು ಕಾಯುತ್ತಿದ್ದಾರೆ?" ಎಂದಳು.

ಇದಕ್ಕೆ ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ. ಅವಳ ಪ್ರಶ್ನೆ ನ್ಯಾಯವಾದದ್ದು. ಮುಚ್ಚಳಿಕೆಗೆ ಸಹಿ ಮಾಡುವವಳು ಒಬ್ಬಳು; ಅದನ್ನು ನಡೆಸಬೇಕಾದವರು ಎರಡು ಕಡೆಯವರು. ನಮ್ಮ ಸಂಸ್ಥಾನದ ಚರಿತ್ರೆಯಲ್ಲಿಯೇ ಇದಕ್ಕೆ ಎರಡು ನಿದರ್ಶನಗಳುಂಟು.

ಡಾಕ್ಟರ್ ಪಲ್ಪು ಅವರು 1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದವರು. ಮದರಾಸಿನಲ್ಲಿ ವೈದ್ಯವನ್ನು ಕಲಿತು ತೇರ್ಗಡೆಯಾಗಿ ಊರಿಗೆ ಮರಳಿದರು. ಈಳವ ಜಾತಿಯವರೆಂಬ ಕಾರಣದಿಂದ ತಿರುವಾಂಕೂರಿನ ಸರ್ಕಾರದಲ್ಲಿ ಅವರಿಗೆ ಕೆಲಸ ಸಿಕ್ಕಲಿಲ್ಲ. ಹೊರಗೆ ಹೋಗಿ ಕಲಿತು, ತಾನಾಗಿ ಮನೆಬಾಗಿಲಿಗೆ ಬಂದು ನಿಂತವನಿಗೆ ಮನೆಯವರೇ ಬಾಗಿಲು ಹಾಕಿದರು. ಮೈಸೂರು ಸಂಸ್ಥಾನ ಅವರನ್ನು ಸೇವೆಗೆ ತೆಗೆದುಕೊಂಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪ್ರಾಣದ ಹಂಗು ತೊರೆದು ಅಲ್ಲಿ ದುಡಿದವರಲ್ಲಿ ಅವರೊಬ್ಬರು. ಮುಂದೆ ಮೈಸೂರು ಸರ್ಕಾರವೇ ಅವರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿತು. ಅವರು ಕಲಿತು ಮರಳಿ ಬಂದದ್ದು ಮೈಸೂರಿನ ಸೇವೆಗೆ. ತಿರುವಾಂಕೂರು ಕಳೆದುಕೊಂಡದ್ದನ್ನು ನಾವು ಪಡೆದೆವು. ಮರಳಿ ಬರುವುದೆಂದರೆ ಜಾಗವಿರುವಲ್ಲಿಗೆ ಬರುವುದೆಂದು ಇದರ ಅರ್ಥ.

ಎರಡನೆಯವರು ಎಂ. ವಿ. ಗೋವಿಂದಸ್ವಾಮಿಯವರು. ಹೊರದೇಶದಲ್ಲಿ ಮಾನಸಿಕ ವೈದ್ಯವನ್ನು ಅಭ್ಯಾಸಮಾಡಿ ಬಂದು, ಬೆಂಗಳೂರಿನ ಮಾನಸಿಕ ರೋಗಿಗಳ ಆಸ್ಪತ್ರೆಯ ಮುಖ್ಯಸ್ಥರಾದರು. ಅವರಿಗೆ ಇಲ್ಲಿ ಆಸ್ಪತ್ರೆಯಿತ್ತು, ರೋಗಿಗಳಿದ್ದರು, ಬೆನ್ನಿಗೆ ಸರ್ಕಾರವಿತ್ತು. 1954ರಲ್ಲಿ ಅದರ ಪಕ್ಕದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅವರೇ ಅದರ ಮೊದಲ ನಿರ್ದೇಶಕರು. ಆ ಸಂಸ್ಥೆಯೂ ಹಳೆಯ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಇಂದು ಮಿದುಳು, ನರಗಳ ಮೇಲ್ಮಟ್ಟದ ವಿದ್ಯೆಯನ್ನು ಕಲಿಯಲು ದೇಶದ ಎಲ್ಲ ಕಡೆಯಿಂದ ವೈದ್ಯರು ಅಲ್ಲಿಗೆ ಅರ್ಜಿ ಹಾಕುವರು. ಕಲಿಯಲು ಗಡಿ ದಾಟಿ ಹೋದವರ ಊರಿಗೇ ಈಗ ಕಲಿಯುವವರು ಗಡಿ ದಾಟಿ ಬರುತ್ತಿರುವರು.

ನಮ್ಮ ಮೈಸೂರಿನ ಸ್ಥಿತಿಯೂ 1975ರ ಸ್ಥಿತಿಯಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಇಲ್ಲಿಗೆ ಬಂದ ಮೈಸೂರು ವೈದ್ಯಕೀಯ ಕಾಲೇಜಿದೆ. 1984ರಲ್ಲಿ ಆರಂಭವಾದ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿದೆ, ತಾಯಿ ಮಕ್ಕಳಿಗೆ ಚೆಲುವಾಂಬ ಆಸ್ಪತ್ರೆಯಿದೆ, ಹೃದ್ರೋಗಕ್ಕೆ ಕೆ.ಆರ್.ಎಸ್. ರಸ್ತೆಯಲ್ಲಿ ಜಯದೇವ ಸಂಸ್ಥೆಯ ಆಸ್ಪತ್ರೆಯಿದೆ. "ಕಾಯುವವರು ಇಲ್ಲವೆಂದು ಎರಡು ಕಾಗದಗಳ ಬಲದ ಮೇಲೆ ನಿರ್ಣಯಿಸಬೇಡ ಮಗು. ರಜದಲ್ಲಿ ಇನ್ನೂ ಹತ್ತು ದಿನವಿದೆ. ಹೋಗಿ ಕೇಳಿ ಬಾ. ಕೇಳಿದ ಮೇಲೆ ಸಹಿಯ ಮಾತು" ಎಂದೆನು. ತಂದೆಗೆ ಅಷ್ಟು ರುಚಿಸಲಿಲ್ಲ. ಆದರೂ ಮೂವರೂ ಎದ್ದು ಹೋದರು.

ಎಂಟು ದಿನ ಕಳೆದು ಹುಡುಗಿ ಒಬ್ಬಳೇ ಬಂದಳು. ಊರಿನ ನಾಲ್ಕು ಕಡೆ ಹೋಗಿ ಬಂದಿದ್ದಳಂತೆ. ಎರಡು ಕಡೆ ಒಳ್ಳೆಯ ಮಾತು, ಒಂದು ಕಡೆ ಉದಾಸೀನ. ನಾಲ್ಕನೆಯವರು ಅವಳಿಗೆ ಹಿಂದೆ ಪಾಠ ಹೇಳಿದ ಹಳೆಯ ಪ್ರಾಧ್ಯಾಪಕರು. ಅವರು, "ಹುದ್ದೆ ಕೊಡುವುದು ನನ್ನ ಕೈಯಲ್ಲಿಲ್ಲ, ಆ ಭರವಸೆಯನ್ನು ಕೊಡಲಾರೆ. ಆದರೆ ಹೃದಯದ ತೊಂದರೆಯ ಮಕ್ಕಳು ನಮ್ಮಲ್ಲಿಗೆ ಬರುತ್ತಲೇ ಇದ್ದಾರೆ. ನೀನು ರಜಕ್ಕೆ ಬಂದಾಗಲೆಲ್ಲ ಒಂದು ದಿನ ನಮ್ಮ ಹುಡುಗರಿಗೆ ಪಾಠ ಹೇಳು. ಮೂರು ವರ್ಷ ಕಳೆದು ನೀನು ಬರುವಾಗ ನಿನ್ನನ್ನು ಬಲ್ಲವರು ಇಲ್ಲಿರುತ್ತಾರೆ" ಎಂದರಂತೆ. ಮರುದಿನವೇ ಅವಳು ಹೋಗಿ ಎರಡು ಗಂಟೆ ಪಾಠ ಹೇಳಿ ಬಂದಿದ್ದಳು. ಕೊನೆಯ ಸಾಲಿನಲ್ಲಿದ್ದ ಒಬ್ಬ ಹುಡುಗ, ಆಡುವ ಮಗು ನಡುವೆ ಕುಕ್ಕುರುಗಾಲಿನಲ್ಲಿ ಕುಳಿತುಕೊಳ್ಳುವುದೇಕೆ ಎಂದು ಕೇಳಿದನಂತೆ. ಅವಳು ನನ್ನ ತಮ್ಮನ ಸಂಗತಿಯನ್ನು ಅರಿತವಳಲ್ಲ. ನಾನು ಸ್ವಲ್ಪ ಹೊತ್ತು ಮಾತಾಡಲಾರದೆ ಹೋದೆ.

"ಅಪ್ಪನೂ ಒಂದು ಕೆಲಸ ಮಾಡಿದರು ಮೇಷ್ಟ್ರೇ" ಎಂದಳು. ಮಗಳ ಅಲ್ಲಿಯ ಸಂಪಾದನೆಯನ್ನು ನಂಬಿ ಮನೆಯ ಮೇಲೆ ಮಹಡಿ ಕಟ್ಟಿಸಬೇಕೆಂದು ಸ್ನೇಹಿತರು ನಕ್ಷೆ ಬರೆಸಿದ್ದರು. ಬ್ಯಾಂಕಿನ ಸಾಲಕ್ಕೂ ಓಡಾಡುತ್ತಿದ್ದರು. ಹಿಂದಿನ ರಾತ್ರಿ ಊಟವಾದ ಮೇಲೆ ಆ ನಕ್ಷೆಯನ್ನು ಮಡಿಸಿ ಬೀರುವಿನಲ್ಲಿಟ್ಟು, "ನೀನು ಬಂದರೆ ಕೆಲಸ ಸಿಗುವ ತನಕ ಮನೆ ನಡೆಸುವುದು ನನ್ನ ಪಾಲು. ಕೆಳಗಿನ ಮನೆ ನಮಗೆ ಸಾಕು" ಎಂದರಂತೆ. ಸಹಿ ಬರಿಯ ಶಾಸ್ತ್ರಕ್ಕೆ ಎಂದಿದ್ದವರು ತಾವೂ ಕಾಗದವಿಲ್ಲದೆ ಒಂದು ಮುಚ್ಚಳಿಕೆಯನ್ನು ಬರೆದುಕೊಟ್ಟಂತಾಯಿತು.

ಹುಡುಗಿ ಕಟ್ಟಿನಿಂದ ಕಾಗದವನ್ನು ತೆಗೆದು ನನ್ನ ಮುಂದೆಯೇ ಇಟ್ಟಳು. ಸಹಿ ಮಾಡಿದ್ದಳು. "ಇವತ್ತಿನ ದಿನ ಇದು ನಿಜ ಮೇಷ್ಟ್ರೇ. ಮುಂದೆ ನನ್ನ ಮನಸ್ಸು ಬದಲಾದರೆ ಕಾನೂನಿಗೆ ಉತ್ತರ ಹೇಳಬಲ್ಲೆ. ನಿಮಗೂ ಅಮ್ಮನಿಗೂ ಹೇಳುವುದು ಕಷ್ಟ. ಅದಕ್ಕೆ ಒಂದು ನಕಲನ್ನು ನಿಮ್ಮಲ್ಲಿಡುತ್ತೇನೆ" ಎಂದಳು. ಇದಕ್ಕಿಂತ ಹೆಚ್ಚಿನದನ್ನು ಯಾರೂ ಯಾರಿಂದಲೂ ಕೇಳುವಂತಿಲ್ಲವೆಂದು ನನಗೆ ತೋರಿತು. ಮನಸ್ಸಿನಲ್ಲಿದ್ದುದನ್ನೇ ಬರೆದವರು ಮುಂದೆ ಕಾರಣವಿದ್ದು ದಾರಿ ತಪ್ಪಿದರೆ ಅದು ದೈವ. ಮನಸ್ಸಿನಲ್ಲಿಲ್ಲದುದನ್ನು ಬರೆದವರು ಹೋಗುವ ಮುಂಚೆಯೇ ದಾರಿ ತಪ್ಪಿದವರು.

ಮಕ್ಕಳನ್ನು ಈ ವಿದ್ಯೆಗೆ ಕಳುಹಿಸುವ ಗೃಹಸ್ಥರಿಗೆ ಹೇಳಬೇಕಾದ ನಾಲ್ಕು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಮೊದಲನೆಯದಾಗಿ, ದಾರಿ ಒಂದೇ ಅಲ್ಲವೆಂಬುದನ್ನು ತಿಳಿಯಿರಿ. ನಮ್ಮಲ್ಲಿಯೇ ಮೂರು ವರ್ಷದ ಡಿ.ಎಂ., ಎಂ.ಸಿಎಚ್. ಶಿಕ್ಷಣಗಳಿವೆ. ಇಂಗ್ಲೆಂಡಿನವರು 1975ರಲ್ಲಿ ನಮ್ಮ ಪದವಿಗಳಿಗೆ ಕೊಡುತ್ತಿದ್ದ ಮನ್ನಣೆಯನ್ನು ನಿಲ್ಲಿಸಿದರೂ, ಪರೀಕ್ಷೆಯ ಮೂಲಕ ಹೋಗುವ ದಾರಿಯನ್ನಿಟ್ಟಿದ್ದಾರೆ, ಎಂ.ಟಿ.ಐ. ಎಂಬ ಯೋಜನೆಯಲ್ಲಿ ಹೊರದೇಶದ ವೈದ್ಯರು ಇಪ್ಪತ್ತನಾಲ್ಕು ತಿಂಗಳವರೆಗೆ ಅಲ್ಲಿ ಕಲಿತು ಸ್ವದೇಶಕ್ಕೆ ಮರಳುವ ಏರ್ಪಾಡುಂಟು. ಮರಳುವ ಮನಸ್ಸು ಗಟ್ಟಿಯಾಗಿರುವವರಿಗೆ ಇಂಥದು ಅನುಕೂಲ. ಎರಡನೆಯದಾಗಿ, ಮಗನೋ ಮಗಳೋ ಸಹಿ ಮಾಡುವ ಪ್ರತಿಯೊಂದು ಕಾಗದವನ್ನೂ ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿರಿ. ಇಂಗ್ಲಿಷು ಬಾರದ ತಾಯಿಗೆ ಕನ್ನಡದಲ್ಲಿ ಹೇಳಿಸಿರಿ. ಗಟ್ಟಿಯಾಗಿ ಓದಿದ ಸುಳ್ಳು ಗಂಟಲಿನಲ್ಲಿ ನಿಲ್ಲುವುದು. ಮೂರನೆಯದಾಗಿ, ಅವರು ಬರುವ ಮೊದಲೇ ಅವರ ಸಂಬಳದ ಮೇಲೆ ಮಹಡಿಯನ್ನು ಎಬ್ಬಿಸಬೇಡಿರಿ. ಮನೆಯವರು ಮಾಡಿದ ಸಾಲವು ಎಷ್ಟೋ ಮಕ್ಕಳನ್ನು ಅಲ್ಲಿಯೇ ಕಟ್ಟಿಹಾಕುವುದು. ನಾಲ್ಕನೆಯದಾಗಿ, ಕಲಿತವರು ಬಂದು ಊರಿನ ಬಾಗಿಲು ತಟ್ಟಿದಾಗ ಉತ್ತರ ಕೊಡುವ ಸ್ಥಾನದಲ್ಲಿ ನಿಮ್ಮಲ್ಲಿ ಯಾರಾದರೂ ಇದ್ದರೆ, ಇಲ್ಲವೆಂದು ಹೇಳುವುದಾದರೂ ಸರಿ, ಉತ್ತರವನ್ನು ಬರೆಯಿರಿ.

ಹುಡುಗಿ ಹೊರಟುಹೋಗಿ ಮೂರು ವಾರವಾಯಿತು. ಅವಳು ಕೊಟ್ಟ ನಕಲನ್ನು ನಾನು ಅಮರಕೋಶದ ಎರಡನೆಯ ಕಾಂಡದಲ್ಲಿ, ರೋಗಗಳ ಹೆಸರುಗಳೂ ವೈದ್ಯನ ಹೆಸರುಗಳೂ ಬರುವ ಪುಟದಲ್ಲಿ ಇಟ್ಟಿದ್ದೇನೆ. ಮೊದಲನೆಯ ಕಾಂಡದಲ್ಲಿಯೇ ಅವಳ ಪಾಠ ನಿಂತಿತ್ತು. ಉಳಿದುದನ್ನು ಅವಳು ಬಂದ ಮೇಲೆ ಹೇಳಿಕೊಡುವುದೆಂದು ಮಾತಾಗಿದೆ. ಆಗ ನನಗೆ ಅರುವತ್ತಮೂರು.